ನಮ್ಮನೆ ಇಲಿ, ಭಾಗ ಎರಡು

“ಬಾಯಿ ಬಿಡೇ. ಇನ್ನೂ ಅಗಲ. ಅಯ್ಯೋ ಮುಂಡೇದೇ, ಹಲ್ಲಿನ ಡಾಕ್ಟ್ರ ಹತ್ರ ಬಂದಿಲ್ಲ ನೀನು, ನಾಚ್ಕೋಬೇಡ. ನಾಲಿಗೆ ಎತ್ತು. ಹಾಂ! ನೋಡಿ ಫ್ರೆಂಡ್ಸ್, ನೋಡಿ! ಹಲ್ಲಿನ ಸಂದೀಲಿ ನನ್ನ ಬಿಸ್ಕತ್ತು!”

ಫೋನು ಹಿಡಿದ ಕೈ ನಗುವಿಗೆ ಅಲುಗಾಡುತ್ತಿತ್ತು. ಅದರ ಮುಂದೆ, ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತ ಒಬ್ಬ ಹೆಂಗಸು. ಕೈಯಲ್ಲಿ ನೆಲ ಒರೆಸುವ ಬಟ್ಟೆ, ಅದರಿಂದ ತೊಟ್ಟಿಕ್ಕುವ ನೀರು. ಬಾಯಿ ತೆರೆದೇ ಇತ್ತು. ಮುಚ್ಚು ಎಂದು ಯಾರೂ ಹೇಳಿರಲಿಲ್ಲವಲ್ಲ. ಮೇಲೆ ಬಣ್ಣಬಣ್ಣದ ಅಕ್ಷರ: ‘ನಮ್ಮನೆ ಇಲಿ ಸಿಕ್ಕಿಬಿತ್ತು!’ ಪಕ್ಕದಲ್ಲಿ ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳು ಮೂರು. ಕೆಳಗೆ ಅಂಥವೇ ಹಳದಿ ಮುಖಗಳು ಅರವತ್ತೆರಡು ಸಾವಿರ.

ನೋಡಿ ತೀರ್ಪು ಕೊಡಲು ನನಗಿದ್ದದ್ದು ಇಪ್ಪತ್ತೆಂಟು ಸೆಕೆಂಡು.

ನನ್ನ ಕೆಲಸವೇ ಅದು. ಒಂದು ದೊಡ್ಡ ಆ್ಯಪಿನಲ್ಲಿ ಜನ ಹಾಕುವ ವಿಡಿಯೊ ನೋಡಿ ಯಾರಾದರೂ ‘ಇದು ಸರಿಯಿಲ್ಲ’ ಎಂದು ದೂರು ಒತ್ತಿದರೆ ಅದು ನಮ್ಮ ಆಫೀಸಿನ ಹಾಲಿಗೆ ಬಂದು ಬೀಳುತ್ತದೆ. ಇನ್ನೂರು ಕುರ್ಚಿ, ಇನ್ನೂರು ಪರದೆ, ಇನ್ನೂರು ಜೋಡಿ ಕೆಂಪು ಕಣ್ಣು. ಆ್ಯಪಿನವರು ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ. ಅವರು ಒಬ್ಬ ಗುತ್ತಿಗೆದಾರನನ್ನು ಇಟ್ಟುಕೊಂಡಿದ್ದಾರೆ, ಅವನು ನಮ್ಮನ್ನು ಇಟ್ಟುಕೊಂಡಿದ್ದಾನೆ. ‘ಇಟ್ಟುಕೊಂಡಿದ್ದಾನೆ’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ, ರಜೆ ಕೇಳಲು ಹೋದ ದಿನ ಅದೇ ಸರಿ ಅನಿಸುತ್ತದೆ.

ನಮ್ಮವ್ವ ಮನೆ ಗುಡಿಸುವವಳು, ನಾನು ಅಂತರ್ಜಾಲ ಗುಡಿಸುವವಳು. ವ್ಯತ್ಯಾಸ ಇಷ್ಟೇ: ಅವ್ವ ಗುಡಿಸಿದ ಮೇಲೆ ನೆಲ ಸ್ವಚ್ಛವಾಗಿರುತ್ತದೆ.

ಪರದೆಯ ಮೇಲೆ ಬಾಯಿ ತೆರೆದು ಕೂತಿದ್ದವಳು ನಮ್ಮವ್ವ.

ಇಪ್ಪತ್ತು ಸೆಕೆಂಡು ಉಳಿದಿತ್ತು. ಇಂಥದಕ್ಕೂ ನಮ್ಮಲ್ಲಿ ಒಂದು ನಿಯಮವಿದೆ. ವಿಡಿಯೊದಲ್ಲಿ ಇರುವವರು ಗುರುತಿನವರಾದರೆ ಕೈ ಎತ್ತಬೇಕು, ಆ ವಿಡಿಯೊ ಬೇರೆಯವರಿಗೆ ಹೋಗುತ್ತದೆ. ಆದರೆ ಹೋಗುವ ಮೊದಲು ಒಂದು ಖಾನೆ ತುಂಬಬೇಕು: ‘ಆ ವ್ಯಕ್ತಿ ನಿಮಗೇನಾಗಬೇಕು?’ ತುಂಬಿದ್ದು ಮೇಲ್ವಿಚಾರಕರ ಪರದೆಯಲ್ಲೂ ಕಾಣುತ್ತದೆ, ಪಕ್ಕದವರ ಕಣ್ಣಿಗೂ ಬೀಳುತ್ತದೆ.

ನನ್ನ ಪಕ್ಕದವಳು ಆಗಲೇ ಕುರ್ಚಿ ಜಾರಿಸಿಕೊಂಡು ಬಂದಿದ್ದಳು. ದಪ್ಪ ಕನ್ನಡಕದವಳು, ನಾವು ಕರೆಯುವುದೇ ಕನ್ನಡಕ ಎಂದು.

“ಇಲಿ ವಿಡಿಯೊನಾ? ನಿನ್ನೆ ನನ್ನ ಫೋನಿಗೂ ಬಂದಿತ್ತು ಕಣೇ. ನಗು ತಡ್ಕೊಳಕ್ಕಾಗ್ಲಿಲ್ಲ. ಆಯಮ್ಮನ ಮುಖ ನೋಡು, ಮುಖ!”

ಈ ಹಾಲಿನಲ್ಲಿ ಎರಡು ವರ್ಷದಿಂದ ನಾನು ಹೇಳಿಕೊಂಡು ಬಂದದ್ದು ಅವ್ವ ಹೌಸ್‌ಕೀಪಿಂಗ್ ಮ್ಯಾನೇಜರ್ ಎಂದು. ಪೂರ್ತಿ ಸುಳ್ಳೇನಲ್ಲ. ಹೌಸ್ ಇತ್ತು, ಕೀಪಿಂಗೂ ಇತ್ತು.

ನಾನೂ ನಕ್ಕೆ. ಕನ್ನಡಕದವಳಿಗಿಂತ ಒಂದು ಗೇಣು ಜೋರಾಗಿಯೇ ನಕ್ಕೆ. ನಿಷೇಧಗಳ ಪಟ್ಟಿಯ ಮೇಲೆ ಕಣ್ಣಾಡಿಸಿದೆ: ಬೆತ್ತಲೆ ಇಲ್ಲ, ರಕ್ತ ಇಲ್ಲ, ಆಯುಧ ಇಲ್ಲ. ಜಾತಿ, ಧರ್ಮ, ಬಣ್ಣ ಎತ್ತಿ ಬೈದಿಲ್ಲ. ಕೆಲಸದವಳು ಎಂಬುದು ಪಟ್ಟಿಯಲ್ಲಿಲ್ಲ. ಒತ್ತಿದೆ: ‘ಹಾಸ್ಯ. ಉಲ್ಲಂಘನೆ ಇಲ್ಲ.’

ಇನ್ನೂ ಮೂರು ಸೆಕೆಂಡು ಉಳಿದಿತ್ತು.

*

ಸಂಜೆ ಮನೆಗೆ ಬಂದರೆ ಹೊಸ್ತಿಲ ಮೇಲೆ ಅಡುಗೆಯಕ್ಕ ಕೂತಿದ್ದಳು. ಅವ್ವ ಕೆಲಸ ಮಾಡುವ ಮನೆಯ ಎದುರು ಫ್ಲ್ಯಾಟಿನಲ್ಲಿ ಅಡುಗೆ ಮಾಡುವವಳು. ನಮ್ಮದೇ ಬೀದಿ, ನಮ್ಮದೇ ನಲ್ಲಿ, ಬಾಯಿ ಮಾತ್ರ ಆಕೆಯದೇ. ವಿಡಿಯೊ ಮೇಲೆ ದೂರು ಒತ್ತಿದವಳು ಅವಳೇ. ಅವ್ವ ಗೋಡೆಗೆ ಒರಗಿ, ನೀರಿನಲ್ಲಿ ನೆಂದು ಬಿರುಕುಬಿಟ್ಟ ಬೆರಳುಗಳಿಗೆ ಎಣ್ಣೆ ಸವರುತ್ತಿದ್ದಳು.

“ಬಂದ್ಯಾ? ಬಾ. ಓದು ಇದನ್ನ. ನಂಗೆ ಓದಿ ಓದಿ ಮೈ ಉರೀತಿದೆ,” ಎಂದು ಅಡುಗೆಯಕ್ಕ ಫೋನು ಚಾಚಿದಳು.

ನಾನು ಓದುವ ಅಗತ್ಯವೇ ಇರಲಿಲ್ಲ, ಆದರೂ ಓದಿದೆ. “ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ. ಈ ವಿಡಿಯೊ ನಮ್ಮ ಸಮುದಾಯದ ಮಾನದಂಡಗಳನ್ನು ಉಲ್ಲಂಘಿಸಿಲ್ಲ. ಸುರಕ್ಷಿತ ಸಮುದಾಯ ಕಟ್ಟಲು ನೆರವಾಗಿದ್ದಕ್ಕೆ ಧನ್ಯವಾದ.”

“ಥೂ, ಅವನ ಸಮುದಾಯಕ್ಕಿಷ್ಟು ಬೆಂಕಿ ಹಾಕ. ಮಾನಾನೂ ಹೋಯ್ತು, ಆ ಮನೆಯವಳಿಗೆ ದಂಡಾನೂ ಇಲ್ಲ. ಇದ್ಯಾವ ಸೀಮೆ ಮಾನದಂಡಾನೋ ಬೋಳಿಮಗಂದು!”

“ಸುಮ್ನಿರಕ್ಕ,” ಎಂದಳು ಅವ್ವ. ನನ್ನ ಕಡೆ ತಿರುಗಿ, “ಯಾರೇ ಅದನ್ನ ನೋಡೋರು? ಮನುಷ್ಯರು ಕೂತು ನೋಡ್ತಾರಾ?”

ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. “ಇಲ್ಲವ್ವಾ. ಮಶೀನು.”

“ಪೂರಾ ಮಶೀನೇ?”

“ಹೂಂ. ಪೂರಾ.”

ಅವ್ವ ದೊಡ್ಡದೊಂದು ಉಸಿರು ಬಿಟ್ಟಳು. “ಹಂಗಾದ್ರೆ ಸರಿ ಬಿಡು. ಮನುಷ್ಯರು ಯಾರೋ ನೋಡಿ ಹಿಂಗಂದ್ರಾ ಅಂತ ಮಧ್ಯಾಹ್ನದಿಂದ ಅದೇ ಕೊರೀತಿತ್ತು.”

ಅಡುಗೆಯಕ್ಕ ನನ್ನನ್ನೇ ನೋಡಿದಳು. ನಾನು ಇನ್ನೊಂದು ಚಪ್ಪಲಿಯನ್ನೂ ಬಹಳ ನಿಧಾನವಾಗಿ ಬಿಟ್ಟೆ.

“ತಿಂದಿದ್ದು ನಿಜ ಕಣೇ,” ಎಂದಳು ಅವ್ವ, ಬೆರಳು ನೋಡಿಕೊಳ್ಳುತ್ತ. “ಟೇಬಲ್ ಮೇಲೆ ತಟ್ಟೇಲಿ ಒಂದೇ ಒಂದಿತ್ತು. ತುದಿ ಮುರಿದಿತ್ತು. ಕಸಕ್ಕೆ ಹೋಗೋದೇ ತಾನೆ ಅಂತ ಬಾಯಿಗೆ ಹಾಕ್ಕೊಂಡೆ. ಹೂಕುಂಡದ ಹಿಂದೆ ಅಮ್ಮಾವ್ರು ಫೋನ್ ಇಟ್ಟಿದ್ರಂತೆ. ನಂಗೋಸ್ಕರಾನೇ ಇಟ್ಟಿದ್ದಂತೆ ಬಿಸ್ಕತ್ತು. ಇಷ್ಟು ವರ್ಷದಲ್ಲಿ ನಂಗೇಂತ ಇಟ್ಟಿದ್ದು ಅದೊಂದೇ ನೋಡು.”

ನಗಬೇಕೋ ಬೇಡವೋ ಎಂದು ನಾವಿಬ್ಬರೂ ಅವಳ ಮುಖ ನೋಡಿದೆವು. ಅವಳು ನಗಲಿಲ್ಲ.

ಸಂಗತಿ ಬಿಸ್ಕತ್ತಿಗೆ ಮುಗಿದಿರಲಿಲ್ಲ. ಬೀದಿಯ ಮಕ್ಕಳು ಅವ್ವ ಹಾದುಹೋದರೆ ‘ಚೀಂ ಚೀಂ’ ಎನ್ನತೊಡಗಿದ್ದವು. ಮೂರನೇ ಮಹಡಿಯ ಮನೆಯವರು, ನಾಳೆಯಿಂದ ಬರಬೇಡ, ನಮ್ಮನೇಲಿ ಬೆಲೆಬಾಳೋ ಸಾಮಾನಿದೆ ಎಂದಿದ್ದರು. ಇತ್ತ ಅಮ್ಮಾವ್ರಿಗೆ ಅರವತ್ತೆರಡು ಸಾವಿರ ನಗು ಸಾಲದೆ ಹೋಗಿತ್ತು. ಇಲಿಯ ಕಿವಿ, ಇಲಿಯ ಬಾಲ ತರಿಸಿದ್ದರು. ಶುಕ್ರವಾರ ಭಾಗ ಎರಡು, ಅದೂ ಲೈವ್.

“ಹಾಕ್ಕೊಳಲ್ಲ ಅಂದೆ,” ಎಂದಳು ಅವ್ವ. “ಹಾಕ್ಕೊಳ್ದೆ ಇದ್ರೆ ಬಿಲ್ಡಿಂಗ್ ಗ್ರೂಪಲ್ಲಿ ನಿನ್ನ ಫೋಟೊ ಹಾಕಿ ಕಳ್ಳಿ ಅಂತ ಬರೀತೀನಿ, ಆಮೇಲೆ ಯಾರ ಮನೆ ಬಾಗ್ಲು ಗುಡಿಸ್ತೀಯೋ ಗುಡಿಸು ಅಂದ್ರು.” ನನ್ನ ಮೊಣಕೈ ಹಿಡಿದುಕೊಂಡಳು. ಬೆರಳೆಲ್ಲ ಎಣ್ಣೆ. “ನೀನು ಅಲ್ಲೇ ಇದೀಯಲ್ಲ. ದೊಡ್ಡೋರಿಗೆ ಒಂದು ಮಾತು ಹೇಳ್ನೋಡು. ಇದೊಂದನ್ನ ತೆಗೆಸಿಬಿಟ್ರೆ ಅವ್ರಿಗೂ ಆಟ ಸಪ್ಪಗಾಗುತ್ತೆ. ಶುಕ್ರವಾರದೊಳಗೆ ಆಗ್ಬೇಕು ಅಷ್ಟೇ.”

“ಮೇಲಿನೋರಿಗೆ ಇನ್ನೊಂದ್ಸಲ ಕೇಳ್ಕೊಳ್ಳೋಕೆ ಒಂದು ಗುಂಡಿ ಇದೆ,” ಎಂದಳು ಅಡುಗೆಯಕ್ಕ. “ಒತ್ತಿದೀನಿ. ಮಿಕ್ಕಿದ್ದು ನಿನ್ನ ಕೈಲಿದೆ ಮಗಾ.”

ನನ್ನ ಕೈಲಿತ್ತು, ನಿಜ. ಬಲಗೈಯ ತೋರುಬೆರಳಲ್ಲಿ.

*

ಮಾರನೆಯ ದಿನ ಹೇಳಲೇಬೇಕೆಂದು ಹೋದೆ. ನಮ್ಮ ಮೇಲ್ವಿಚಾರಕನಿಗೆ ನಾವಿಟ್ಟ ಹೆಸರು ಶೇಕಡಾ. ಮನುಷ್ಯ ಕುಶಲ ಕೇಳುವುದೂ ಶೇಕಡಾದಲ್ಲೇ. ಯಾರಿಗಾದರೂ ಜ್ವರ ಬಂದರೆ, ಎಷ್ಟು ಪರ್ಸೆಂಟ್ ವಾಸಿಯಾಯ್ತು ಎನ್ನುತ್ತಾನೆ. ಅವನ ಗಾಜಿನ ಕೋಣೆಯ ಬಾಗಿಲು ತಟ್ಟುವುದರೊಳಗೆ ಅವನೇ ಹೊರಗೆ ಬಂದು ಚಪ್ಪಾಳೆ ಹೊಡೆದ. “ಎಲ್ರೂ ಬನ್ನಿ. ಐದೇ ನಿಮಿಷ. ಒಂದು ಒಳ್ಳೆ ಸುದ್ದಿ.”

ಗೋಡೆಯ ದೊಡ್ಡ ಪರದೆ ಹೊತ್ತಿಕೊಂಡಿತು. ಅವ್ವ ಬಂದಳು. ಅವಳ ಬಾಯಿ ಒಂದು ಬಾಗಿಲಿನಷ್ಟು ದೊಡ್ಡದಿತ್ತು. ಒಳಗಡೆ ಕೆಳಗಿನ ಸಾಲಿನಲ್ಲಿ ಎರಡು ಹಲ್ಲಿಲ್ಲ. ಅವ್ವನಿಗೆ ಎರಡು ಹಲ್ಲಿಲ್ಲವೆಂದು ನನಗೆ ಗೊತ್ತಾದದ್ದು ಅಲ್ಲಿ, ಇನ್ನೂರು ಜನರ ಜೊತೆಗೆ.

ಇಡೀ ಹಾಲ್ ನಕ್ಕಿತು.

“ಇದರ ಮೇಲೆ ಮೇಲ್ಮನವಿ ಬಂದಿತ್ತು,” ಎಂದ ಶೇಕಡಾ. “ಎರಡನೇ ಸಲ ನೋಡಿದವರೂ ನಮ್ಮ ಹುಡುಗಿ ಹೇಳಿದ್ದೇ ಸರಿ ಅಂದಿದ್ದಾರೆ. ಫೈಲ್ ಕ್ಲೋಸ್. ಬೇರೆಯವರಾಗಿದ್ರೆ ಅಯ್ಯೋ ಪಾಪ ಅಂತ ತೆಗೆದುಹಾಕಿರೋರು. ಅಯ್ಯೋ ಪಾಪಕ್ಕೆ ನಮ್ಮಲ್ಲಿ ಬಟನ್ ಇಲ್ಲ. ನೂರಕ್ಕೆ ನೂರು! ಹೇಳಮ್ಮ, ಯಾಕೆ ಉಲ್ಲಂಘನೆ ಇಲ್ಲ ಅಂದೆ? ಎಲ್ರಿಗೂ ಕೇಳಿಸೋ ಹಾಗೆ ಹೇಳು.”

ಹೇಳಿದೆ. ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಹೇಳಿದೆ. ಗಾಯ ಕಾಣುವುದಿಲ್ಲ. ಬೆದರಿಕೆಯ ಮಾತಿಲ್ಲ. ಚಿತ್ರೀಕರಣ ಆದದ್ದು ಖಾತೆದಾರರ ಸ್ವಂತ ಮನೆಯಲ್ಲಿ. ವಿಡಿಯೊದಲ್ಲಿರುವ ವ್ಯಕ್ತಿ ಅಳುತ್ತಿಲ್ಲ, ವಿರೋಧಿಸುತ್ತಿಲ್ಲ, ಸ್ವಇಚ್ಛೆಯಿಂದ ಭಾಗವಹಿಸಿದಂತೆ ತೋರುತ್ತದೆ.

“ಸ್ವಇಚ್ಛೆ! ಅದೇ ಪಾಯಿಂಟು!” ಎಂದು ಶೇಕಡಾ ಬೆರಳೆತ್ತಿದ. ಆ ತಿಂಗಳ ‘ತೀಕ್ಷ್ಣ ಕಣ್ಣು’ ಬಹುಮಾನ ನನಗೆ ಬಂತು. ಒಂದು ಚಾಕಲೇಟ್ ಡಬ್ಬಿ. ಚಪ್ಪಾಳೆ ನಿಲ್ಲುವವರೆಗೂ ಗೋಡೆಯ ಮೇಲೆ ಅವ್ವ ಬಾಯಿ ತೆರೆದುಕೊಂಡೇ ಇದ್ದಳು.

ಡಬ್ಬಿಯನ್ನು ದಾರಿಯಲ್ಲಿ ಎಸೆಯಬೇಕೆಂದುಕೊಂಡೆ. ಎಸೆಯಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಏನನ್ನೂ ಎಸೆದು ರೂಢಿಯಿಲ್ಲ.

“ಬಹುಮಾನಾನಾ? ನಿಂಗಾ?” ಅವ್ವ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಾಗಿಲಿಗೆ ಹೋಗಿ ಎದುರುಮನೆಗೆಲ್ಲ ಕೇಳುವಂತೆ, “ನಮ್ಮ ಹುಡುಗಿಗೆ ಆಫೀಸಲ್ಲಿ ಬಹುಮಾನ ಬಂತು!” ಎಂದಳು. ಚೀಂ ಚೀಂ ಎನ್ನುವ ಮಕ್ಕಳನ್ನೂ ಕರೆದು ಒಂದೊಂದು ಕೊಟ್ಟಳು. ಕೊನೆಗೆ ತಾನೊಂದು ಬಾಯಿಗೆ ಹಾಕಿಕೊಂಡಳು. ಹಾಕಿಕೊಳ್ಳುತ್ತಲೇ ಅವಳ ಎಡಗೈ ತನ್ನಷ್ಟಕ್ಕೆ ಮೇಲೆದ್ದು ಬಾಯಿಗೆ ಅಡ್ಡ ಬಂತು. ಅಗಿಯುವಷ್ಟು ಹೊತ್ತೂ ಕೈ ಅಲ್ಲೇ ಇತ್ತು.

“ಯಾವುದಕ್ಕೆ ಕೊಟ್ರು?” ಎಂದು ಕೈಯ ಹಿಂದಿನಿಂದ ಕೇಳಿದಳು.

“ಸರಿಯಾಗಿ ಕೆಲಸ ಮಾಡಿದ್ದಕ್ಕೆ.”

“ಮತ್ತೆ ಆ ಮಾತು? ಹೇಳಿದ್ಯಾ?”

“ಹೇಳಿದೆ. ಮಶೀನು ಒಪ್ಪಲಿಲ್ಲ.”

ಅವ್ವ ಚಾಕಲೇಟಿನ ಕಾಗದವನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು. “ಅದಕ್ಕೇನು ಗೊತ್ತಾಗುತ್ತೆ ಪಾಪ, ಕಬ್ಬಿಣ. ತೋರಿಸಿದಷ್ಟು ನೋಡುತ್ತೆ.” ಮತ್ತೆ, “ಪೂರ್ತಿ ಹೇಳಿದ್ರೆ ಕೇಳಿಸ್ಕೊಳ್ಳುತ್ತಾ?” ಎಂದಳು.

“ಏನನ್ನ?”

“ಏನಿಲ್ಲ ಬಿಡು,” ಎಂದು ಡಬ್ಬಿಯ ಮುಚ್ಚಳ ಒತ್ತಿದಳು.

*

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ನನ್ನ ಪರದೆಯ ಅಂಚು ಕೆಂಪಾಯಿತು. ‘ತುರ್ತು. ಮನೆಯೊಳಗಿನ ಖಾಸಗಿತನ.’ ದೂರು ಕೊಟ್ಟವರು ಅಮ್ಮಾವ್ರು. ಲೈವನ್ನು ಅವರೇ ಅಳಿಸಿದ್ದರು, ಆದರೆ ಅಷ್ಟರೊಳಗೆ ಜನ ಅದನ್ನು ನಕಲು ಮಾಡಿ ಹಂಚಿಬಿಟ್ಟಿದ್ದರು. ಅಂಥ ಒಂದೊಂದು ನಕಲಿನ ಮೇಲೂ ಒಂದೊಂದು ದೂರು. ಅಡುಗೆಯಕ್ಕನ ದೂರು ನಮ್ಮವರೆಗೆ ಬರಲು ಒಂದು ದಿನ ಬೇಕಾಗಿತ್ತು. ಇದು ಬರಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ.

ನಾವು ವಿಡಿಯೊಗಳನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತೇವೆ. ಇದನ್ನು ಅದರ ಪಾಡಿಗೆ ಓಡಲು ಬಿಟ್ಟೆ.

ಅವ್ವ ನಿಂತಿದ್ದಳು. ತಲೆಯ ಮೇಲೆ ಬೂದು ಬಟ್ಟೆಯ ಎರಡು ಕಿವಿ. ಬೆನ್ನ ಹಿಂದೆ ಬಾಲ. ತಲೆ ಬಾಚಿದ್ದಳು, ಮೈಮೇಲೆ ಇದ್ದದ್ದು ಅವಳ ಒಳ್ಳೆಯ ಬಟ್ಟೆ.

“ಚೀಂ ಅನ್ನೇ. ಎಲ್ರೂ ಕಾಯ್ತಿದಾರೆ, ಅನ್ನು!”

ಅವ್ವ ಸೀದಾ ಫೋನಿನ ಕಣ್ಣಿಗೆ ನೋಡಿ ಕೈಮುಗಿದಳು.

“ಮಶೀನಪ್ಪಾ, ನಮಸ್ಕಾರ. ನಮ್ಮ ಹುಡುಗಿ ನಿಮ್ಮಲ್ಲೇ ಕೆಲಸ ಮಾಡೋದು. ಅವಳು ಹೇಳಿದ್ಲಂತೆ, ನೀವು ಒಪ್ಪಲಿಲ್ವಂತೆ. ತಪ್ಪು ನಿಮ್ದಲ್ಲ, ನಿಮಗೆ ಪೂರ್ತಿ ತೋರಿಸಿರ್ಲಿಲ್ಲ. ಕೇಳಿ. ಬೆಳಿಗ್ಗೆ ಆರಕ್ಕೆ ಈ ಮನೆಗೆ ಬರ್ತೀನಿ. ಮಧ್ಯಾಹ್ನ ಮೂರರ ತನಕ ಇರ್ತೀನಿ. ಅಲ್ಲೀತನಕ ಬಾಯಿಗೆ ಏನೂ ಹಾಕೋ ಹಂಗಿಲ್ಲ, ನೀರು ಕುಡೀಬೇಕಂದ್ರೂ ಕೇಳ್ಬೇಕು. ಈ ಮನೇಲಿ ಮೂರು ಕಕ್ಕಸಿದೆ. ಮೂರನ್ನೂ ನಾನೇ ತೊಳೆಯೋದು. ನಂಗೆ ಹೋಗ್ಬೇಕಂದ್ರೆ ಎಂಟು ಮಹಡಿ ಇಳಿದು ಗೇಟಿನ ಪಕ್ಕ ಡ್ರೈವರುಗಳದಕ್ಕೆ ಹೋಗ್ಬೇಕು. ಲಿಫ್ಟು ಹತ್ತಂಗಿಲ್ಲ. ಹೋದ ಸಲ ತಡ್ಕೊಳಕ್ಕಾಗ್ದೆ ಮೆಟ್ಟಿಲ ಮೇಲೇ...”

“ಏಯ್! ಏನೇ ಬೊಗಳ್ತಿದೀಯಾ? ಲೈವ್ ಇದೆ ದರಿದ್ರದವಳೇ!”

“...ಮೆಟ್ಟಿಲ ಮೇಲೇ ಆಗೋಯ್ತು. ಅದನ್ನೂ ನಾನೇ ಒರೆಸ್ದೆ. ನಮ್ಮ ಹುಡುಗಿಗೆ ಇದನ್ನೆಲ್ಲ ಹೇಳಿಲ್ಲ. ನೀವೂ ಹೇಳ್ಬೇಡಿ. ಬಿಸ್ಕತ್ತು ತಿಂದಿದ್ದು ನಿಜ, ಅದನ್ನೂ ಬರ್ಕೊಳ್ಳಿ. ಆದ್ರೆ ಇದು...”

ಒಂದು ಅಂಗೈ ಬಂದು ಪರದೆ ಮುಚ್ಚಿತು. ಏನೋ ಬಿದ್ದ ಸದ್ದು. ಮುಗಿಯಿತು.

ಸಮಯ ಮುಗಿದು ಗಡಿಯಾರ ಕೆಂಪಾಗಿ ಮಿಣುಕುತ್ತಿತ್ತು. ಸರಿಯುತ್ತರವನ್ನು ಕಂಪ್ಯೂಟರೇ ಹಸಿರು ಮಾಡಿ ತೋರಿಸುತ್ತಿತ್ತು: ‘ತೆಗೆದುಹಾಕಿ.’ ನಿಯಮವೂ ಹಾಗೇ ಹೇಳುತ್ತದೆ. ಮನೆಯ ಒಳಭಾಗ ಕಾಣುತ್ತದೆ, ಒಡತಿಯ ದನಿ ಕೇಳುತ್ತದೆ, ಒಡತಿಯ ಒಪ್ಪಿಗೆಯಿಲ್ಲ. ಅವ್ವ ಸದ್ಯ ಎಲ್ಲಿದ್ದಾಳೆ, ಬಿದ್ದದ್ದು ಫೋನೋ ಅವಳೋ ಎಂದು ಕೇಳುವ ಖಾನೆ ಪಟ್ಟಿಯಲ್ಲಿರಲಿಲ್ಲ.

“ಏಯ್, ಇಲಿ ಮಾತಾಡ್ತಿದೆ ಕಣ್ರೇ!” ಎಂದಳು ಕನ್ನಡಕ. ಅವಳ ಪರದೆಯಲ್ಲೂ ಅವ್ವ. ಎದ್ದು ನೋಡಿದೆ. ಮುಂದಿನ ಸಾಲಿನಲ್ಲಿ ಅವ್ವ, ಹಿಂದಿನ ಸಾಲಿನಲ್ಲಿ ಅವ್ವ, ಕಿಟಕಿಯ ಪಕ್ಕ ಅವ್ವ. ಹಾಲಿನ ತುಂಬ ಬೂದು ಕಿವಿ ಹಾಕಿಕೊಂಡು ಕೈಮುಗಿದು ನಿಂತಿದ್ದಾಳೆ. ಇಷ್ಟು ದಿನ ನಾನು ಯಾರನ್ನು ಈ ಕಟ್ಟಡದ ಮೆಟ್ಟಿಲು ಹತ್ತಲೂ ಬಿಟ್ಟಿರಲಿಲ್ಲವೋ ಅವಳು ಎಲ್ಲ ಕುರ್ಚಿಗಳ ಮುಂದೆ ಬಂದು ನಿಂತಿದ್ದಳು.

ಹೆಡ್‌ಫೋನಿನ ತಂತಿ ಕಿತ್ತು, ದನಿ ಪೂರಾ ಏರಿಸಿ ವಿಡಿಯೊವನ್ನು ಮತ್ತೆ ಮೊದಲಿಂದ ಹಾಕಿದೆ. ‘ಮಶೀನಪ್ಪಾ, ನಮಸ್ಕಾರ’ ಎಂದದ್ದು ಹಾಲಿಗೆಲ್ಲ ಕೇಳಿತು.

“ಸೌಂಡ್ ಕಡಿಮೆ ಮಾಡೇ, ಹುಚ್ಚಾ ನಿಂಗೆ?” ಎಂದಳು ಕನ್ನಡಕ.

“ನಮ್ಮವ್ವ ಕಣೇ ಅದು.”

“ಯಾರು?”

“ಇಲಿ.”

ಅವಳು ಕನ್ನಡಕ ತೆಗೆದಳು. ಒರೆಸಿದಳು. “ನಿಮ್ಮಮ್ಮ ಮ್ಯಾನೇಜರ್ ಅಲ್ವೇನೇ?” ಎಂದು ಕೇಳಿದ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವಳ ಗಡಿಯಾರ ಏಳು, ಆರು, ಐದು ಎನ್ನುತ್ತಿತ್ತು. ಆ ತಿಂಗಳು ಅವಳಿಗೆ ಆಗಲೇ ಎರಡು ತಪ್ಪು ಬಿದ್ದಿದ್ದವು, ಮೂರಾದರೆ ಮನೆಗೆ. ಅವಳು ನನ್ನನ್ನು ನೋಡಿದಳು. “ಬೇಜಾರು ಮಾಡ್ಕೋಬೇಡ ಕಣೇ,” ಎಂದು ಒತ್ತಿದಳು.

ಅವಳ ಪರದೆಯಿಂದ ಅವ್ವ ಹೋದಳು. ಅವಳನ್ನು ಬೈಯಲು ನನಗೆ ಯಾವ ಬಾಯಿತ್ತು? ಮುಂದಿನ ಸಾಲಿನಲ್ಲಿ ಕ್ಲಿಕ್. ಹಿಂದೆ ಕ್ಲಿಕ್, ಕ್ಲಿಕ್. ಕಿಟಕಿಯ ಪಕ್ಕದವಳೂ ಹೋದಳು. ಸಂಜೆ ಅಂಗಡಿ ಸಾಲಿನ ದೀಪ ಆರುವಂತೆ ಅವ್ವ ಒಂದೊಂದೇ ಕಡೆ ಆರುತ್ತ ಬಂದಳು.

“ಎದ್ದೇಳು,” ಶೇಕಡಾ ಬಂದಿದ್ದ. “ನಿನ್ನದೊಂದೇ ಬಾಕಿ. ಒತ್ತು, ಇಲ್ಲಾ ಎದ್ದೇಳು.”

“ಒತ್ತಲ್ಲ.”

“ಸಂಬಂಧ ಇದ್ರೆ ಮೊದಲೇ ಹೇಳ್ಬೇಕಿತ್ತಲ್ಲಮ್ಮ? ನಾಚಿಕೆ ಆಗಲ್ವಾ ನಿಂಗೆ?”

“ಆಗುತ್ತೆ ಸಾರ್,” ಎಂದೆ. “ನೂರಕ್ಕೆ ನೂರು.”

ಅವನು ಗಾಜಿನ ಕೋಣೆಗೆ ಓಡಿದ. ಅಲ್ಲಿಂದಲೇ ಅಳಿಸುವ ಅಧಿಕಾರ ಅವನಿಗಿತ್ತು. ಹೋಗುವ ಮೊದಲು ಕಾವಲುಗಾರನನ್ನು ಕೂಗಿದ.

ಬಂದವನು ಬಾಗಿಲಲ್ಲಿ ನಮ್ಮ ಫೋನುಗಳನ್ನೆಲ್ಲ ಇಸಿದುಕೊಂಡು ಪೆಟ್ಟಿಗೆಗೆ ಹಾಕುವ ಗಾರ್ಡಣ್ಣ. ಎರಡು ವರ್ಷದಲ್ಲಿ ನಾನು ಅವನ ಮುಖ ನೋಡಿದ್ದು ಇದೇ ಮೊದಲು. ನನ್ನ ಕುರ್ಚಿಯ ಬೆನ್ನಿಗೆ ಕೈ ಹಾಕಿದವನು ಹಾಗೇ ನಿಂತ. ಪರದೆಯಲ್ಲಿ ಅವ್ವನ ಮಾತು ಎಂಟು ಮಹಡಿ ಇಳಿಯುತ್ತಿತ್ತು.

“ನಮ್ಮನೆಯವಳೂ ಮನೆಕೆಲಸಕ್ಕೇ ಹೋಗ್ತಾಳೆ,” ಎಂದ. ಗಂಟೆ ಎಷ್ಟಾಯಿತು ಎಂದು ಕೇಳಿದರೆ ಹೇಳುವ ಹಾಗೆ, ಇಡೀ ಹಾಲಿಗೆ ಕೇಳುವ ಹಾಗೆ. ನಾನು ಎರಡು ವರ್ಷ ನುಂಗಿ ನುಂಗಿ ಇಟ್ಟುಕೊಂಡ ಮಾತು ಅವನ ಬಾಯಿಂದ ಅಷ್ಟು ಸಲೀಸಾಗಿ ಬಂದುಬಿಟ್ಟಿತು. ನನ್ನ ಕಿವಿಯ ತುದಿಯವರೆಗೂ ಬಿಸಿಯಾಯಿತು.

“ಇನ್ನೊಂದ್ಸಲ ಹಾಕಮ್ಮ,” ಎಂದ.

ಹಾಕಲು ಹೋದೆ. ಪರದೆ ಬೆಳ್ಳಗಾಗಿತ್ತು. ‘ಈ ವಿಡಿಯೊ ಲಭ್ಯವಿಲ್ಲ.’ ಗಾಜಿನ ಹಿಂದೆ ಶೇಕಡಾ ಬೆವರು ಒರೆಸಿಕೊಳ್ಳುತ್ತಿದ್ದ.

“ಹೋಯ್ತಾ?” ಎಂದ ಗಾರ್ಡಣ್ಣ. “ಮುಂದೆ ಏನಂದ್ರು ಆಯಮ್ಮ?”

ನಾನು ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಹತ್ತಿದೆ. ಚಕ್ರದ ಕುರ್ಚಿ, ಜಾರಿತು. ನನ್ನನ್ನು ಹೊರಗೆ ಎಳೆದು ಹಾಕಲು ಬಂದವನು ಅದನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡ. ಇನ್ನೂರು ಜೋಡಿ ಕಣ್ಣು ಪರದೆ ಬಿಟ್ಟು ಮೇಲೆದ್ದವು.

“ನಮ್ಮವ್ವ ಬೆಳಿಗ್ಗೆ ಆರಕ್ಕೆ ಆ ಮನೆಗೆ ಹೋಗ್ತಾಳೆ,” ಎಂದು ಶುರುಮಾಡಿದೆ.